ಗೇಟು ತೆರೆದರೂ ಹೊರಗೆ ಬಾರದ ತೋಳಗಳು

(ಓದುಗರ ಬಳಗವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ನಡೆದ ಪ್ರಶ್ನೋತ್ತರದ ಸ್ವಲ್ಪ ಭಾಗವನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಎಂಟು ವರ್ಷದ ಹುಡುಗಿಯೊಬ್ಬಳ ಎದುರು ಅವಳ ಅಪ್ಪ ಒಂದು ಮೊಲವನ್ನು ಕುಯ್ಯುತ್ತಾನೆ. ಚಾಕು ಓಡುವುದು ಮೊಲದ ಮೈಮೇಲೆ. ಆದರೆ ಹುಡುಗಿಗೆ ತನ್ನದೇ ಕೊರಳಿನಿಂದ ಹೊಟ್ಟೆಯವರೆಗೆ ಸೀಳಿದಂತಾಗುತ್ತದೆ. ನಿಜವಾಗಿಯೂ ನೋಯುತ್ತದೆ. ನಾನು ಇವತ್ತು ಮಾತಾಡಲಿರುವ ಕಾದಂಬರಿ ಶುರುವಾಗುವುದೇ ಹೀಗೆ. ಹೆಸರು ‘ಒನ್ಸ್ ದೇರ್ ವರ್ ವುಲ್ವ್ಸ್’. ಬರೆದವರು ಆಸ್ಟ್ರೇಲಿಯಾದ ಶಾರ್ಲೆಟ್ ಮೆಕಾನಹಿ. ಬಂದದ್ದು 2021ರಲ್ಲಿ.

ಆ ಹುಡುಗಿಯ ಹೆಸರು ಇಂಟಿ ಫ್ಲಿನ್. ಅವಳಿಗಿರುವುದು ಲೇಖಕಿ ಕಟ್ಟಿದ ಮಾಯೆಯಲ್ಲ, ಅಂಥ ಸ್ಥಿತಿ ನಿಜಕ್ಕೂ ಇದೆ. ಇನ್ನೊಬ್ಬರ ಕೆನ್ನೆ ಮುಟ್ಟಿದ್ದನ್ನು ನೋಡಿದರೆ ಇವರ ಕೆನ್ನೆಗೆ ಸ್ಪರ್ಶ ತಿಳಿಯುತ್ತದೆ. ಮಿರರ್ ಟಚ್ ಸಿನೆಸ್ತೀಸಿಯಾ ಎನ್ನುತ್ತಾರೆ. 2005ರಲ್ಲಿ ಲಂಡನ್‌ನ ವಿಜ್ಞಾನಿಗಳು ಇಂಥ ಒಬ್ಬ ಮಹಿಳೆಯನ್ನು ಪರೀಕ್ಷಿಸಿ ಬರೆದ ಮೇಲೆ ಇದರ ಅಧ್ಯಯನ ಬೆಳೆಯಿತು. ಮುಂದಿನ ಅಂದಾಜುಗಳ ಪ್ರಕಾರ ನೂರು ಜನರಲ್ಲಿ ಒಬ್ಬಿಬ್ಬರಿಗೆ ಇದು ಯಾವುದೋ ಮಟ್ಟದಲ್ಲಿ ಇರಬಹುದು. ಕಾದಂಬರಿಯಲ್ಲಿ ಇದು ಜಾಸ್ತಿ ತೀವ್ರವಾಗಿದೆ. ಅಷ್ಟು ಸ್ವಾತಂತ್ರ್ಯ ಲೇಖಕಿಗೆ ಬೇಕೇ ಬೇಕು. ಯಾಕೆಂದರೆ ಯಾರಿಗೋ ಬಿದ್ದ ಏಟನ್ನು ನೋಡಿದವರಿಗೂ ಗಾಯ ಆಗುತ್ತದೆ ಎಂಬುದು ಇಡೀ ಪುಸ್ತಕದ ಬುಡದಲ್ಲಿರುವ ಮಾತು.

ಕಥೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಇಂಟಿ ಮತ್ತು ಆ್ಯಗಿ ಅವಳಿ ಅಕ್ಕತಂಗಿಯರು. ಅಪ್ಪ ಕೆನಡಾದ ಬ್ರಿಟಿಷ್ ಕೊಲಂಬಿಯಾದ ಕಾಡಿನಲ್ಲಿ ಒಬ್ಬನೇ ಬದುಕುವವನು. ಅಮ್ಮ ಸಿಡ್ನಿಯಲ್ಲಿ ಪೊಲೀಸ್ ಪತ್ತೇದಾರಿ. ಅಪ್ಪ ಕಾಡನ್ನು ನಂಬು ಅಂತಾನೆ. ಮನುಷ್ಯರು ಮನುಷ್ಯರಿಗೆ ಮಾಡುವುದನ್ನು ದಿನಾ ನೋಡುವ ಅಮ್ಮ, ಯಾರನ್ನೂ ನಂಬಬೇಡ ಅಂತಾಳೆ. ದೊಡ್ಡವಳಾದ ಇಂಟಿ ತೋಳಗಳ ತಜ್ಞೆಯಾಗುತ್ತಾಳೆ. ಅಲಾಸ್ಕಾದಲ್ಲಿ ಆ್ಯಗಿಯ ಮದುವೆಯೊಳಗೆ ಘೋರವಾದದ್ದೇನೋ ನಡೆದುಹೋಗುತ್ತದೆ. ಆಮೇಲೆ ಆ್ಯಗಿ ಮಾತು ನಿಲ್ಲಿಸುತ್ತಾಳೆ, ಮನೆಯಿಂದ ಹೊರಗೆ ಕಾಲಿಡುವುದನ್ನೂ ನಿಲ್ಲಿಸುತ್ತಾಳೆ. ಚಿಕ್ಕಂದಿನಲ್ಲಿ ಇಬ್ಬರೇ ಸೇರಿ ಕಟ್ಟಿಕೊಂಡ ಕೈಸನ್ನೆಗಳಷ್ಟೇ ಉಳಿದಿವೆ. ಅವಳನ್ನು ಕರೆದುಕೊಂಡು ಇಂಟಿ ಸ್ಕಾಟ್ಲೆಂಡ್‌ನ ಬೆಟ್ಟನಾಡಿಗೆ ಬರುತ್ತಾಳೆ. 14 ಬೂದು ತೋಳಗಳನ್ನು ಅಲ್ಲಿಯ ಕಾಡಿಗೆ ಬಿಡುವ ತಂಡಕ್ಕೆ ಇವಳೇ ಮುಖ್ಯಸ್ಥೆ. ಸ್ವಲ್ಪ ದಿನದಲ್ಲಿ ಊರಿನ ಒಬ್ಬ ರೈತ ಸತ್ತು ಬಿದ್ದಿರುತ್ತಾನೆ. ತಪ್ಪು ತೋಳಗಳ ತಲೆಗೆ ಬರುತ್ತದೆ ಎಂದು ಇಂಟಿಗೆ ಗೊತ್ತು. ಅವುಗಳನ್ನು ಉಳಿಸಲು ಅವಳು ದುಡುಕಿ ಒಂದು ಕೆಲಸ ಮಾಡುತ್ತಾಳೆ. ಕೊಂದವರು ಯಾರು ಎಂದು ನಾನಂತೂ ಹೇಳುವುದಿಲ್ಲ. ಓದದವರು ಇಲ್ಲಿ ತುಂಬಾ ಜನ ಇದ್ದೀರಿ.

ಈ ಪುಸ್ತಕದ ಬಗ್ಗೆ ಜನ ಸಾಮಾನ್ಯವಾಗಿ ಹೇಳುವ ಮಾತೊಂದಿದೆ. ಪ್ರಾಣಿಗಳು ಗಾಯಗೊಂಡ ಮನಸ್ಸನ್ನು ಗುಣಪಡಿಸುವ ಕಥೆ ಇದು ಅಂತ. ನನಗೆ ಹಾಗೆ ಅನ್ನಿಸುವುದಿಲ್ಲ. ತೋಳಗಳು ಇಲ್ಲಿ ಯಾರನ್ನೂ ಗುಣಪಡಿಸಲು ಬಂದಿಲ್ಲ. ಅವು ತಮ್ಮ ಬದುಕು ತಾವು ನೋಡಿಕೊಳ್ಳುತ್ತವೆ. ಇಂಟಿಗೆ ಉಪಕಾರ ಆಗುವುದು ಅವುಗಳಿಗಾಗಿ ಮಾಡುವ ಕೆಲಸದಿಂದ. ಆ ಕೆಲಸದ ನಿಯಮ ವಿಚಿತ್ರವಾದದ್ದು. ನಾಯಿ ಸಾಕುವವರಿಗೆ ನಾಯಿ ಹತ್ತಿರ ಬಂದರೆ ಖುಷಿ. ಕಾಡಿಗೆ ತೋಳ ಬಿಡುವವರಿಗೆ ಅದು ಹತ್ತಿರ ಬರದೇ ಇದ್ದರೇ ನೆಮ್ಮದಿ. ಮನುಷ್ಯರನ್ನು ನಂಬಿದ ತೋಳ ಜಾಸ್ತಿ ದಿನ ಬದುಕುವುದಿಲ್ಲ. ಅದು ಊರಿಗೆ ಬರುತ್ತದೆ, ಯಾರೋ ಗುಂಡು ಹೊಡೆಯುತ್ತಾರೆ. ಹಾಗಾಗಿ ನೀವು ಊಟ ಕೊಡಬೇಕು, ಆದರೆ ಮುಖ ಪರಿಚಯ ಆಗಬಾರದು. ದಿನವಿಡೀ ಅದರ ಯೋಚನೆಯಲ್ಲೇ ಇರಬೇಕು, ಆದರೆ ಅದಕ್ಕೆ ನಿಮ್ಮ ಯೋಚನೆ ಬರಕೂಡದು. ವಾಪಸು ಏನನ್ನೂ ಕೇಳದ ಕಾಳಜಿ ಅಂದರೆ ಇದೇ ಅಲ್ವಾ?

ಇದು ಕಾದಂಬರಿಯ ಕಲ್ಪನೆ ಮಾತ್ರ ಅಲ್ಲ. ಇದರ ಹಿಂದೆ ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಅನುಭವ ಇದೆ. ಅಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅದು ಗೊತ್ತಿದ್ದರೆ ಆ್ಯಗಿಯ ಪಾತ್ರ ಬೇರೆಯೇ ಥರ ಕಾಣುತ್ತದೆ.

ಯೆಲ್ಲೋಸ್ಟೋನ್‌ನಲ್ಲಿ ತೋಳಗಳನ್ನು ಸರ್ಕಾರವೇ ಕೊಲ್ಲಿಸಿತ್ತು. 1926ರ ಹೊತ್ತಿಗೆ ಕೊನೆಯವೂ ಹೋದವು. ಸುಮಾರು 70 ವರ್ಷದ ಮೇಲೆ, 1995ರ ಜನವರಿಯಲ್ಲಿ, ಕೆನಡಾದ ಆಲ್ಬರ್ಟಾದಿಂದ 14 ತೋಳಗಳನ್ನು ಹಿಡಿದು ತಂದರು. ಕಾದಂಬರಿಯಲ್ಲೂ 14 ಎಂಬುದನ್ನು ಗಮನಿಸಿ. ಮರುವರ್ಷ ಬ್ರಿಟಿಷ್ ಕೊಲಂಬಿಯಾದಿಂದ ಇನ್ನೂ 17 ಬಂದವು. ಮೊದಲ ತೋಳಗಳು ಉದ್ಯಾನ ತಲುಪಿದ ದಿನ ನ್ಯಾಯಾಲಯದ ತಡೆಯಾಜ್ಞೆ ಬಂದು, ಅದು ತೆರವಾಗುವವರೆಗೂ ಅವು ಸಾಗಣೆ ಪೆಟ್ಟಿಗೆಯೊಳಗೇ ಬಿದ್ದಿರಬೇಕಾಯಿತು. ಹುಟ್ಟಿದ ಕಾಡು ಬಿಟ್ಟು, ಅರಿವಳಿಕೆ ಚುಚ್ಚಿಸಿಕೊಂಡು, ವಿಮಾನದಲ್ಲಿ ಬಂದು, ಕೊನೆಗೆ ಕತ್ತಲೆ ಪೆಟ್ಟಿಗೆ.

ಪೆಟ್ಟಿಗೆಯಿಂದ ಅವುಗಳನ್ನು ನೇರ ಕಾಡಿಗೆ ಬಿಡಲಿಲ್ಲ. ಕಾಡಿನ ನಡುವೆಯೇ ಎತ್ತರದ ತಂತಿ ಬೇಲಿಯ ಆವರಣಗಳನ್ನು ಕಟ್ಟಿದ್ದರು. ಅಲ್ಲಿ ಸುಮಾರು ಹತ್ತು ವಾರ ಇಟ್ಟುಕೊಂಡರು. ಹೊಸ ಜಾಗದ ವಾಸನೆ ಹಿಡಿಯಲಿ, ಹಿಂಡು ಒಂದಾಗಲಿ, ವಾಪಸು ಹುಟ್ಟಿದ ಕಾಡಿನ ಕಡೆ ಓಡುವ ಆಸೆ ತಗ್ಗಲಿ ಅಂತ. ವಾರಕ್ಕೆ ಎರಡು ಸಲ ಸಿಬ್ಬಂದಿ ಬಂದು, ರಸ್ತೆಯಲ್ಲಿ ವಾಹನಕ್ಕೆ ಸಿಕ್ಕಿ ಸತ್ತ ಎಲ್ಕ್ ಎಂಬ ದೊಡ್ಡ ಜಿಂಕೆಗಳನ್ನು, ಬೇರೆ ಜಿಂಕೆಗಳನ್ನು ಹಾಕಿ ಹೋಗುತ್ತಿದ್ದರು. ಬೇರೆ ಯಾರೂ ಹತ್ತಿರ ಸುಳಿಯುವಂತಿರಲಿಲ್ಲ.

ಮಾರ್ಚ್‌ನಲ್ಲಿ ಗೇಟು ತೆರೆದರು. ಜಗತ್ತಿನ ಪತ್ರಕರ್ತರೆಲ್ಲ ಕಾಯುತ್ತಿದ್ದರು. ತೋಳಗಳು ಹೊರಗೆ ಬರಲಿಲ್ಲ.

ದಿನ ಕಳೆದರೂ ಬರಲಿಲ್ಲ. ಆಮೇಲೆ ಜೀವವಿಜ್ಞಾನಿಗಳಿಗೆ ಹೊಳೆಯಿತು. ಹತ್ತು ವಾರ ಮನುಷ್ಯರು ಒಳಗೆ ಬಂದದ್ದು ಆ ಗೇಟಿನಿಂದಲೇ. ತೋಳಗಳ ಮಟ್ಟಿಗೆ ಆವರಣದಲ್ಲಿ ಅತ್ಯಂತ ಭಯದ ಜಾಗ ಅಂದರೆ ಅದೇ. ನಮಗೆ ಅದು ಬಿಡುಗಡೆಯ ಬಾಗಿಲು, ಅವುಗಳಿಗೆ ಅಪಾಯ ನುಗ್ಗಿ ಬರುವ ಬಾಗಿಲು. ಹಾಗಾಗಿ ಬೇಲಿಯಲ್ಲಿ ಬೇರೆ ಕಡೆ, ತೋಳಗಳು ಆರಾಮಾಗಿ ಓಡಾಡುವ ಕಡೆ, ತಂತಿ ಕತ್ತರಿಸಿ ಕಿಂಡಿ ಮಾಡಿದರು. ಹೊರಗೆ ಮಾಂಸ ಇಟ್ಟು ದೂರ ಹೋದರು. ಆಮೇಲೆ ಅವು ತಮಗೆ ಬೇಕಾದಾಗ ಹೊರಬಂದವು.

ಈಗ ಆ್ಯಗಿಯನ್ನು ನೆನಪಿಸಿಕೊಳ್ಳಿ. ಬಾಗಿಲು ತೆರೆದೇ ಇದೆ. ಗಂಡ ಅಲ್ಲಿಲ್ಲ. ಸುತ್ತ ಚೆಂದದ ಬೆಟ್ಟ. ಅಕ್ಕರೆಯ ಸೋದರಿ ಜೊತೆಗಿದ್ದಾಳೆ. ಆದರೂ ಹೊರಗೆ ಹೋಗುವುದಿಲ್ಲ. ಹೊರಗಿನಿಂದ ನೋಡುವವರು ಏನನ್ನುತ್ತಾರೆ? ‘ಎಲ್ಲ ಮುಗಿದು ಹೋಯ್ತಲ್ಲ, ಇನ್ಯಾಕೆ ಹೀಗೆ ಕೂತಿದ್ದೀಯಾ, ಸ್ವಲ್ಪ ಹೊರಗೆ ಓಡಾಡು, ಸರಿಹೋಗುತ್ತೆ.’ ನಮ್ಮ ಮನೆಗಳಲ್ಲೂ ಎಷ್ಟು ಸಲ ಈ ಮಾತು ಕೇಳಿಲ್ಲ! ಪೆಟ್ಟು ತಿಂದವರಿಗೆ ಎಲ್ಲರೂ ತೋರಿಸುವ ಬಾಗಿಲೇ ಭಯದ ಬಾಗಿಲಾಗಿರಬಹುದು ಎಂದು ನಾವು ಯೋಚಿಸುವುದೇ ಇಲ್ಲ. ಮದುವೆಯ ಹೆಸರಿನಲ್ಲಿ ಏಟು ತಿಂದವಳಿಗೆ ‘ಯಾರನ್ನಾದರೂ ನಂಬು’ ಎಂಬ ಮಾತೇ ಸಾಕು ಮೈ ನಡುಗಲು.

ಅಮೆರಿಕದ ಮನೋವೈದ್ಯೆ ಜುಡಿತ್ ಹರ್ಮನ್ 1992ರಲ್ಲಿ ಬರೆದದ್ದು ಇವತ್ತಿಗೂ ಈ ಕ್ಷೇತ್ರದ ತಳಪಾಯ. ಮನೆಯೊಳಗಿನ ಹಿಂಸೆಗೆ ಸಿಕ್ಕ ಹೆಂಗಸರ ಅನುಭವವನ್ನೂ ಯುದ್ಧದಿಂದ ಮರಳಿದ ಸೈನಿಕರ ಅನುಭವವನ್ನೂ ಅವರು ಪಕ್ಕಪಕ್ಕ ಇಟ್ಟು ನೋಡಿದರು. ಚೇತರಿಕೆಗೆ ಮೊದಲು ಬೇಕಾದದ್ದು ಸುರಕ್ಷತೆ ಎಂದರು. ನಡೆದದ್ದನ್ನು ನೆನೆದು ದುಃಖಿಸುವುದು ಆಮೇಲೆ. ಮತ್ತೆ ಜನರ ಜೊತೆ ಬೆರೆಯುವುದು ಅದಕ್ಕೂ ಆಮೇಲೆ. ಇವೆಲ್ಲ ಗೆರೆ ಹಾಕಿದ ಹಾಗೆ ನೇರವಾಗಿ ನಡೆಯುವುದಿಲ್ಲ ಎಂದೂ ಅವರೇ ಹೇಳಿದ್ದಾರೆ. ಅವಸರ ಮಾಡಿ ನೆನಪುಗಳನ್ನು ಕೆದಕಿದರೆ ಗಾಯ ಇನ್ನೂ ಆಳವಾಗುತ್ತದೆ. ಬೇಲಿಯೊಳಗಿನ ಹತ್ತು ವಾರವನ್ನು ನಾನು ಹೀಗೇ ಅರ್ಥ ಮಾಡಿಕೊಳ್ಳುತ್ತೇನೆ. ಆದರೆ ಒಂದು ಮಾತನ್ನು ಪ್ರಾಮಾಣಿಕವಾಗಿ ಸೇರಿಸಬೇಕು. 1995ರಲ್ಲೇ ಪಕ್ಕದ ಐಡಾಹೊ ರಾಜ್ಯದಲ್ಲಿ 15 ತೋಳಗಳನ್ನು ಯಾವ ಆವರಣವೂ ಇಲ್ಲದೆ ಪೆಟ್ಟಿಗೆಯಿಂದ ನೇರ ಕಾಡಿಗೆ ಬಿಟ್ಟರು. ಅಲ್ಲೂ ತೋಳಗಳು ನೆಲೆ ನಿಂತವು, ಬೆಳೆದವು. ಎಲ್ಲ ಜೀವಕ್ಕೂ ಒಂದೇ ದಾರಿ ಅಂತ ಇಲ್ಲ. ಕಾದಂಬರಿಯಲ್ಲೂ ಇಬ್ಬರು ಸೋದರಿಯರ ಗಾಯ ಒಂದೇ ಘಟನೆಯಿಂದ ಬಂದದ್ದು, ಆದರೆ ಮಾಯುವ ರೀತಿ ಬೇರೆ. ಆ್ಯಗಿ ಒಳಗೆ ಕೂರುತ್ತಾಳೆ. ಇಂಟಿ ಹಗಲೂ ರಾತ್ರಿ ಹೊರಗೆ ಅಲೆಯುತ್ತಾಳೆ. ಇಂಟಿಯದು ಧೈರ್ಯ ಎಂದುಕೊಂಡು ಓದುತ್ತಾ ಹೋಗುತ್ತೇವೆ. ಅರ್ಧ ದಾಟಿದ ಮೇಲೆ ಗೊತ್ತಾಗುತ್ತದೆ, ಅವಳ ಅಲೆದಾಟವೂ ಬಾಗಿಲು ಹಾಕಿಕೊಂಡು ಕೂರುವ ಇನ್ನೊಂದು ರೀತಿ ಅಂತ. ನನ್ನ ಮಟ್ಟಿಗೆ ಪುಸ್ತಕದ ದೊಡ್ಡ ಸಾಧನೆ ಇದೇ.

ಯೆಲ್ಲೋಸ್ಟೋನ್‌ನ ಇನ್ನೊಂದು ಸಂಗತಿ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಅಲ್ಲಿ ತೋಳಗಳಿಗೆ ಹೆಸರಿಡಲಿಲ್ಲ, ಅಂಕಿ ಕೊಟ್ಟರು. ಕಾದಂಬರಿಯ ಇಂಟಿಯೂ ಹಾಗೇ ಮಾಡುತ್ತಾಳೆ. 9ನೇ ನಂಬರಿನ ಹೆಣ್ಣು ತೋಳಕ್ಕೆ 10ನೇ ನಂಬರಿನ ಗಂಡು ಜೊತೆಯಾಗಿತ್ತು. ಬಿಡುಗಡೆಯಾದ ಸ್ವಲ್ಪ ದಿನಕ್ಕೇ, 1995ರ ಏಪ್ರಿಲ್‌ನಲ್ಲಿ, 10ನ್ನು ಒಬ್ಬ ಗುಂಡಿಟ್ಟು ಕೊಂದ. ಅದೇ ಹೊತ್ತಿಗೆ 9 ಎಂಟು ಮರಿ ಹಾಕಿತ್ತು. ಒಬ್ಬಂಟಿ ತಾಯಿ, ಎಂಟು ಮರಿ. ಬದುಕುವುದು ಕಷ್ಟ ಎಂದು ಅವನ್ನೆಲ್ಲ ಮತ್ತೆ ಆವರಣಕ್ಕೆ ತಂದಿಟ್ಟರು. ಅಕ್ಟೋಬರ್‌ನಲ್ಲಿ ಎರಡನೇ ಸಲ ಬಿಟ್ಟಾಗ, ಬೇರೆ ಹಿಂಡಿನಿಂದ ಬಂದ 8ನೇ ನಂಬರಿನ ಎಳೆಯ ಗಂಡು ತೋಳ ಆ ಕುಟುಂಬವನ್ನು ಸೇರಿಕೊಂಡಿತು. ತನ್ನವಲ್ಲದ ಎಂಟು ಮರಿಗಳನ್ನು ತನ್ನವೆಂಬಂತೆ ಬೆಳೆಸಿತು. ಆ ಮರಿಗಳಲ್ಲಿ ಒಂದಾದ 21ನೇ ನಂಬರು ಮುಂದೆ ಯೆಲ್ಲೋಸ್ಟೋನ್‌ನ ಅತ್ಯಂತ ಹೆಸರುವಾಸಿ ತೋಳಗಳಲ್ಲಿ ಒಂದಾಯಿತು.

ಇದನ್ನು ಯಾವ ವಿಜ್ಞಾನಿಯೂ ಯೋಜಿಸಿರಲಿಲ್ಲ. ಅವರು ಬೇಲಿ ಕಟ್ಟಿದರು, ಮಾಂಸ ಹಾಕಿದರು, ಕಾದರು, ಬಾಗಿಲು ತೆರೆದರು. ಉಳಿದದ್ದು ತೋಳಗಳೇ ಮಾಡಿಕೊಂಡವು. ಗಾಯಗೊಂಡವರ ಜೊತೆ ಬದುಕುವವರ ಪಾಲಿಗೆ ಬರುವುದೂ ಹೆಚ್ಚುಕಮ್ಮಿ ಇಷ್ಟೇ ಕೆಲಸ. ಬೇಸರ ತರಿಸುವಷ್ಟು ಸಣ್ಣ ಕೆಲಸಗಳು. ದಿನಾ ಮಾಡಬೇಕಾದವು.

ನಂಬಿಕೆಯ ವಿಷಯಕ್ಕೆ ಬರುತ್ತೇನೆ. ಊರಿನ ಪೊಲೀಸ್ ಮುಖ್ಯಸ್ಥ ಡಂಕನ್ ಮ್ಯಾಕ್‌ಟಾವಿಶ್ ಎಂಬವನ ಜೊತೆ ಇಂಟಿಗೆ ಪ್ರೀತಿ ಹುಟ್ಟುತ್ತದೆ. ಅವನೂ ಹಿಂಸೆಯ ಮನೆಯಲ್ಲೇ ಬೆಳೆದವನು. ಅದೇ ಊರಿನಲ್ಲಿ ಒಬ್ಬ ರೈತ ಹೆಂಡತಿಗೆ ಹೊಡೆಯುತ್ತಾನೆ. ಊರಿಗೆಲ್ಲ ಗೊತ್ತು, ಯಾರೂ ಮಾತಾಡುವುದಿಲ್ಲ. ಇಂಟಿಗೆ ತಡೆಯಲಾಗುವುದಿಲ್ಲ. ಆ ಹೆಂಗಸನ್ನು ಕಂಡ ಕೂಡಲೇ ಇವಳ ಮೈಯೇ ನೋಯುತ್ತದಲ್ಲ! ಈಗಲೇ ಏನಾದರೂ ಮಾಡಬೇಕು ಎನ್ನುವವಳು ಇಂಟಿ. ಡಂಕನ್ ಕಾಯುವ ಸ್ವಭಾವದವನು. ಈ ಎರಡು ಸ್ವಭಾವಗಳ ತಿಕ್ಕಾಟ ಪುಸ್ತಕದಲ್ಲಿ ತುಂಬಾ ಚೆನ್ನಾಗಿ ಬಂದಿದೆ. ಸ್ಕಾಟ್ಲೆಂಡ್‌ನಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾನೂನು ಜಾರಿಯಲ್ಲಿದೆ. ಹೊಡೆತ ಮಾತ್ರ ಅಲ್ಲ, ಸಂಗಾತಿಯನ್ನು ಹೆದರಿಸಿ, ಹಣ ಕೊಡದೆ, ಯಾರನ್ನೂ ಭೇಟಿ ಮಾಡಲು ಬಿಡದೆ ಹಿಡಿತದಲ್ಲಿಟ್ಟುಕೊಳ್ಳುವುದೂ ಅಪರಾಧ. ಕಾನೂನು ಬಂದಾಯಿತು. ಆದರೆ ಬಾಗಿಲು ತಟ್ಟಿದ ಪೊಲೀಸನನ್ನು ಒಳಗಿರುವ ಹೆಂಗಸು ನಂಬಬೇಕಲ್ಲ? ಕಾನೂನು ಅಲ್ಲಿಗೆ ಬಂದು ನಿಲ್ಲುತ್ತದೆ. ಕಾದಂಬರಿ ಅಲ್ಲಿಂದಲೇ ಶುರುವಾಗುತ್ತದೆ.

ಇಂಟಿಯ ದೊಡ್ಡ ದೋಷ ಏನೆಂದರೆ, ತೋಳಗಳಿಗೆ ಕೊಡುವ ದೂರವನ್ನು, ತಾಳ್ಮೆಯನ್ನು ಅವಳು ಮನುಷ್ಯರಿಗೆ ಕೊಡುವುದಿಲ್ಲ. ತೋಳ ಹಲ್ಲು ತೋರಿಸಿದರೆ ಅದಕ್ಕೇನೋ ಭಯವಾಗಿದೆ ಅಂತಾಳೆ. ರೈತ ದನಿ ಎತ್ತಿದರೆ ಇವನು ಕೆಟ್ಟವನು ಅಂತಾಳೆ. ಲೇಖಕಿ ಇದನ್ನು ಗೊತ್ತಿದ್ದೇ ಬರೆದಿದ್ದಾರೆ. ಅವಳನ್ನು ಎಲ್ಲೂ ದೇವತೆ ಮಾಡಿಲ್ಲ. ಒಮ್ಮೊಮ್ಮೆ ಇಂಟಿ ಮೇಲೆ ಸಿಟ್ಟೇ ಬರುತ್ತದೆ. ಬರಬೇಕು.

ನನಗೆ ಪೂರ್ತಿ ಒಪ್ಪಿಗೆಯಾಗದ ಜಾಗವೂ ಇದೆ. ಕೊನೆಯ ಹತ್ತಿರ ತೋಳಗಳು ಇಂಟಿಗೆ ತೀರಾ ಹತ್ತಿರ ಬರುವ ದೃಶ್ಯವೊಂದಿದೆ. ಓದುವಾಗ ಕಣ್ಣು ತುಂಬಿ ಬರುತ್ತದೆ, ಸುಳ್ಳಲ್ಲ. ಆದರೆ ಅಲ್ಲಿವರೆಗೆ ‘ತೋಳ ನಮಗೇನೂ ಕೊಡಬೇಕಿಲ್ಲ’ ಎಂದು ಹೇಳುತ್ತಾ ಬಂದ ಪುಸ್ತಕ, ಆ ಒಂದು ಕಡೆ ತೋಳಗಳಿಂದ ಏನನ್ನೋ ಕೇಳಿ ಪಡೆದುಕೊಂಡಂತೆ ನನಗೆ ಅನ್ನಿಸುತ್ತದೆ. ನಿಮಗೆ ಬೇರೆ ಥರ ಅನ್ನಿಸಬಹುದು. ಆಮೇಲೆ ಚರ್ಚೆ ಮಾಡೋಣ.

ಪ್ರಶ್ನೋತ್ತರದಲ್ಲಿ ಒಬ್ಬರು ಕೈ ಎತ್ತಿ ಕೇಳಿದರು: ‘ಹಾಗಾದ್ರೆ ಪ್ರಾಣಿಗಳ ಸಂಗದಿಂದ ಮನಸ್ಸು ಹಗುರ ಆಗೋದೇ ಇಲ್ವಾ?’ ಆಗುತ್ತದೆ. ಅದು ಬೇರೆ ಬಗೆಯ ಕೆಲಸ. ಲಾಸ್ ಏಂಜಲಿಸ್‌ನಲ್ಲಿ ಮಾಜಿ ಸೈನಿಕರ ಆಸ್ಪತ್ರೆಯ ಆವರಣದಲ್ಲೇ ಗಿಳಿಗಳ ಒಂದು ಆಶ್ರಯಧಾಮ ಇದೆ, ಸೆರೆನಿಟಿ ಪಾರ್ಕ್ ಅಂತ. ಮನಶ್ಶಾಸ್ತ್ರಜ್ಞೆ ಲೋರಿನ್ ಲಿಂಡ್ನರ್ ಅದನ್ನು 2005ರಲ್ಲಿ ಶುರು ಮಾಡಿದರು. ಜನ ಸಾಕಿ, ಬೇಸರ ಬಂದು, ಬಿಟ್ಟುಹೋದ ದೊಡ್ಡ ಗಿಳಿಗಳು ಅಲ್ಲಿವೆ. ಕೆಲವು ತಮ್ಮ ಪುಕ್ಕ ತಾವೇ ಕಿತ್ತುಕೊಂಡು ಬಂದಂಥವು. ಅವುಗಳ ಗೂಡು ತೊಳೆಯುವುದು, ಹಣ್ಣು ಹೆಚ್ಚಿ ಕೊಡುವುದು, ಪಕ್ಕದಲ್ಲಿ ಸುಮ್ನೆ ಕೂರುವುದು ಮಾಜಿ ಸೈನಿಕರ ಕೆಲಸ. ವೈದ್ಯರ ಎದುರು ಬಾಯಿ ಬಿಡದವರು ಗಿಳಿಯ ಎದುರು ಮಾತಾಡುತ್ತಾರೆ. ಅಲ್ಲಿ ನಂಬಿಕೆ ಎರಡೂ ಕಡೆಯಿಂದ ಬೆಳೆಯಬೇಕು. ಯಾಕೆಂದರೆ ಆ ಗಿಳಿಗಳು ಇನ್ನು ಕಾಡಿಗೆ ಮರಳಲಾರವು. ಅವುಗಳಿಗೆ ಮನುಷ್ಯರೇ ಗತಿ. ತೋಳದ ವಿಷಯ ಹಾಗಲ್ಲ. ಈ ವ್ಯತ್ಯಾಸ ತಿಳಿಯದೆ ‘ಕಾಡುಪ್ರಾಣಿಯ ಪ್ರೀತಿ’ ಎಂದು ಮರಿ ಎತ್ತಿ ತಂದು ಸಾಕುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಅದರಿಂದ ಸಾಕಿದವರಿಗೆ ನೆಮ್ಮದಿ ಸಿಗಬಹುದು. ಮರಿಯ ಬದುಕು ಮಾತ್ರ ಹಾಳು.

ಇನ್ನೊಂದು ಪ್ರಶ್ನೆ ಕಾಡಿನ ಬಗ್ಗೆ ಬಂತು. ತೋಳ ಬಂದರೆ ಕಾಡು ಚಿಗುರುತ್ತದೆ ಎಂದು ಇಂಟಿ ಹೇಳುತ್ತಾಳೆ. ಸ್ಕಾಟ್ಲೆಂಡ್‌ನಲ್ಲಿ ತೋಳ ಇಲ್ಲದೆ ಶತಮಾನಗಳೇ ಆದವು. ಕೊನೆಯದನ್ನು ಕೊಂದದ್ದು 1680ರಲ್ಲಿ ಎಂದು ಒಂದು ಕಥೆ, 1743ರಲ್ಲಿ ಎಂದು ಇನ್ನೊಂದು. ಹಿಡಿಯುವವರಿಲ್ಲದೆ ಜಿಂಕೆಗಳು ಹೆಚ್ಚಿ, ಮರದ ಸಸಿಗಳನ್ನೆಲ್ಲ ಮೇಯ್ದು ಮುಗಿಸುತ್ತವೆ. ಹಾಗಾಗಿ ಅವಳ ಮಾತಿಗೆ ಆಧಾರ ಇದೆ. ಆದರೆ ಯೆಲ್ಲೋಸ್ಟೋನ್‌ನಲ್ಲಿ 20 ವರ್ಷ ನಡೆದ ಒಂದು ಪ್ರಯೋಗದ ಫಲಿತಾಂಶ 2024ರಲ್ಲಿ ಬಂತು. ತೋಳದಂಥ ಬೇಟೆಯಾಡುವ ಪ್ರಾಣಿಗಳು ಮರಳಿದರೂ ಹೊಳೆದಂಡೆಯ ವಿಲೋ ಗಿಡಗಳು ಜನ ಅಂದುಕೊಂಡಷ್ಟು ಚೇತರಿಸಿಕೊಂಡಿಲ್ಲ. ತೋಳ ಇಲ್ಲದ ಕಾಲದಲ್ಲಿ ಬೀವರ್ ಎಂಬ ನೀರುಪ್ರಾಣಿಗಳು ಹೋದವು, ಅವು ಹೊಳೆಗೆ ಅಡ್ಡ ಕಟ್ಟುತ್ತಿದ್ದ ಒಡ್ಡುಗಳು ಹೋದವು, ಹೊಳೆ ಆಳಕ್ಕೆ ಕೊರೆದುಕೊಂಡಿತು, ದಂಡೆ ಒಣಗಿತು. ತೋಳವನ್ನು ವಾಪಸು ತಂದ ಮಾತ್ರಕ್ಕೆ ಹೊಳೆ ಮೇಲೇರುವುದಿಲ್ಲ. ಈ ಸುದ್ದಿ ಓದಿದಾಗ ನನಗೆ ಆ್ಯಗಿಯೇ ನೆನಪಾದಳು. ಅವಳು ಹಳೆಯ ಆ್ಯಗಿ ಆಗಬೇಕೆಂದು ಇಂಟಿ ಹಠ ಹಿಡಿದಿದ್ದಾಳೆ. ಆ ಹಠವೇ ಆ್ಯಗಿಗೆ ಭಾರವಾಗಿದೆ.

ನಮ್ಮಲ್ಲಿ ತೋಳ ಕಥೆಯ ಪ್ರಾಣಿ ಅಲ್ಲ. ಮೇಲುಕೋಟೆಯಲ್ಲಿ 1974ರಲ್ಲೇ ತೋಳಗಳಿಗೆಂದು ಅಭಯಾರಣ್ಯ ಮಾಡಿದರು. ಕೊಪ್ಪಳ ಸೀಮೆಯ ಕುರುಚಲು ಗುಡ್ಡಗಳಲ್ಲಿ ಅವು ಇವತ್ತಿಗೂ ಮರಿ ಹಾಕುತ್ತವೆ. ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ ಈಚೆಗೆ ತೋಳಧಾಮವೇ ಆಗಿದೆ. ನಮ್ಮ ಕುರಿಗಾಹಿ ರಾತ್ರಿ ಹಟ್ಟಿಯ ಪಕ್ಕದಲ್ಲೇ ಕಂಬಳಿ ಹೊದ್ದು ಮಲಗುತ್ತಾನೆ. ನಾಯಿ ಕಾವಲಿರುತ್ತದೆ. ಸ್ಕಾಟ್ಲೆಂಡ್‌ನ ಬೆಟ್ಟಗಳಲ್ಲಿ ಕುರಿಗಳನ್ನು ಹಾಗೇ ಬಿಟ್ಟಿರುತ್ತಾರೆ. ಕಾಯುವ ಅಗತ್ಯವೇ ಇಲ್ಲದೆ ಎಷ್ಟೋ ತಲೆಮಾರು ಕಳೆದಿವೆ. ತೋಳದ ಜೊತೆ ಬದುಕುವ ಪಾಠ ಅವರಿಗೆ ಮರೆತುಹೋಗಿದೆ. ಅದನ್ನು ಮತ್ತೆ ಕಲಿಯಿರಿ ಎಂದು ಹೊರಗಿನಿಂದ ಬಂದವಳೊಬ್ಬಳು ಹೇಳಿದರೆ ಅವರಿಗೆ ಸಿಟ್ಟು ಬರದೇ ಇರುತ್ತದಾ?

ಕೊನೆಯ ಪ್ರಶ್ನೆ, ಸ್ಕಾಟ್ಲೆಂಡ್‌ಗೆ ನಿಜವಾಗಿ ತೋಳ ಬರುತ್ತಾ ಎಂಬುದು. ಕಾದಂಬರಿಯಲ್ಲಿ ನಡೆದದ್ದು ವಾಸ್ತವದಲ್ಲಿ ಇನ್ನೂ ನಡೆದಿಲ್ಲ. ಬೇರೆ ಪ್ರಾಣಿಗಳನ್ನು ಬಿಟ್ಟದ್ದುಂಟು. 2009ರಲ್ಲಿ ನಾರ್ವೆಯಿಂದ ಬೀವರ್‌ಗಳನ್ನು ತಂದು ನ್ಯಾಪ್‌ಡೇಲ್ ಕಾಡಿನಲ್ಲಿ ಬಿಟ್ಟರು, ಅದು ಅಧಿಕೃತ ಯೋಜನೆ. 2025ರ ಜನವರಿಯಲ್ಲಿ ಯಾರೋ ಕದ್ದುಮುಚ್ಚಿ ಲಿಂಕ್ಸ್ ಎಂಬ ನಾಲ್ಕು ದೊಡ್ಡ ಕಾಡುಬೆಕ್ಕುಗಳನ್ನು ಕೇರ್ನ್‌ಗಾರ್ಮ್ಸ್ ಪ್ರದೇಶದಲ್ಲಿ, ಹಿಮದ ನಡುವೆ ಬಿಟ್ಟುಹೋದರು. ಕೆಲವೇ ದಿನಗಳಲ್ಲಿ ಎಲ್ಲವನ್ನೂ ಹಿಡಿದರು. ಒಂದು ಸತ್ತುಹೋಯಿತು. ಪ್ರಾಣಿಯನ್ನೂ ಸಿದ್ಧ ಮಾಡಿರಲಿಲ್ಲ, ಜನರನ್ನೂ ಕೇಳಿರಲಿಲ್ಲ. ಅದೇ ವರ್ಷ ಲೀಡ್ಸ್ ವಿಶ್ವವಿದ್ಯಾಲಯದವರು ಒಂದು ಲೆಕ್ಕ ಕೊಟ್ಟರು. ಬೆಟ್ಟನಾಡಿನಲ್ಲಿ ಸುಮಾರು 167 ತೋಳಗಳಿದ್ದರೆ ಜಿಂಕೆ ಕಡಿಮೆಯಾಗಿ, ಕಾಡು ಬೆಳೆದು, ವರ್ಷಕ್ಕೆ 10 ಲಕ್ಷ ಟನ್ ಇಂಗಾಲದ ಡೈಆಕ್ಸೈಡ್ ಹೀರಿಕೊಳ್ಳಬಹುದಂತೆ. ಆ ಲೆಕ್ಕದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಕುರಿಮರಿ ಸತ್ತರೆ ಪರಿಹಾರ ಕೊಡುವವರು ಯಾರು, ರಾತ್ರಿ ಕಾವಲು ಕೂರುವವರು ಯಾರು ಎಂಬ ರೈತರ ಪ್ರಶ್ನೆಗೆ ಅದರಲ್ಲಿ ಉತ್ತರ ಇಲ್ಲ.

ಕಾದಂಬರಿಯಲ್ಲಿ ಊರಿನವರ ಸಭೆಯೊಂದು ಬರುತ್ತದೆ. ಪುಸ್ತಕ ಓದುವವರು ಆ ಸಭೆಯಲ್ಲಿ ಇಂಟಿಯ ಮಾತಿನ ಜೊತೆಗೆ ರೈತರು ಆಡುವ ಮಾತಿಗೂ ಗೆರೆ ಎಳೆದಿಟ್ಟುಕೊಳ್ಳಿ. ಮನೆಯೊಳಗಿನ ಹಿಂಸೆಯ ಅಧ್ಯಾಯಗಳು ಕಠಿಣವಾಗಿವೆ. ಅಂಥದ್ದನ್ನು ಅನುಭವಿಸಿದವರು ಯಾರಾದರೂ ಇದ್ದರೆ ಒಬ್ಬರೇ ಕೂತು ಓದಬೇಡಿ, ಬೇಕಾದರೆ ಆ ಪುಟಗಳನ್ನು ಬಿಟ್ಟುಬಿಡಿ, ಕಥೆ ಅರ್ಥವಾಗುತ್ತದೆ. ಮುಂದಿನ ಸಲ ಆ ಸಭೆಯಿಂದಲೇ ಮಾತು ಶುರು ಮಾಡೋಣ.